ಬೈದವರಿಗೆ ಸ್ಟೂಲು

“ಏ ಕುಂಟ, ಆ ಪಾಲಿಶ್ ಡಬ್ಬ ಇತ್ಲಾಗ್ ತಾರೋ” ಎಂಬ ಮಾತು ಮೇಸ್ತ್ರಿಯ ಬಾಯಿಂದ ಉದುರಿದ್ದೇ ತಡ, ಅವನ ಮಗಳು ಮೂಲೆಯಲ್ಲಿದ್ದ ಸ್ಟೂಲನ್ನು ದರದರ ಎಳೆದು ತಂದು ಅಪ್ಪನ ಮುಂದೆ ಇಟ್ಟಳು. ಕುರ್ಚಿ ಮೇಜು ಮಾಡುವ ಆ ಕಾರ್ಖಾನೆಯಲ್ಲಿ ಗರಗಸ ನಿಂತಿತು, ಉಳಿ ನಿಂತಿತು. ಹೊಸ ಕಾಯಿದೆ ಬಂದದ್ದು ಅದೇ ಬೆಳಿಗ್ಗೆ. ಮೊದಲು ಸಿಕ್ಕಿಬಿದ್ದವನು ಮೇಸ್ತ್ರಿಯೇ.

ಕಾಯಿದೆ ಮಗಳದ್ದು. ಮೇಸ್ತ್ರಿ ತನ್ನ ಕಾರ್ಖಾನೆಯನ್ನು ಅವಳ ಕೈಗೆ ಒಪ್ಪಿಸಿದ ಮೇಲೆ ಅವಳು ಮಾಡಿದ ಮೊದಲ ಕೆಲಸ ಅದು. ಮೇಸ್ತ್ರಿಯ ಕೈ ಚಿನ್ನ, ಆದರೆ ಬಾಯಿ? ಅಯ್ಯೋ, ಅದರ ಸುದ್ದಿ ಬೇಡ. ಕಾಲೆಳೆದು ನಡೆಯುವ ಪಾಲಿಶಿನವನು ಅವನಿಗೆ ಕುಂಟ, ಕುಶನ್ ಹೊಲಿಯುವ ದಪ್ಪನೆಯ ಹೆಂಗಸು ಡ್ರಮ್ಮು, ಸ್ವಂತ ಮಗಳು ಕತ್ತೆ. ಇನ್ನು ಮೇಲೆ ಯಾರನ್ನೇ ಆಗಲಿ ಹಾಗೆಲ್ಲ ಕರೆದರೆ, ಕರೆದವರು ಎಲ್ಲರೆದುರು ಸ್ಟೂಲು ಹತ್ತಿ, ಕರೆಸಿಕೊಂಡವರ ಬಗ್ಗೆ ಮೂರು ಒಳ್ಳೆ ಮಾತು ಹೇಳಬೇಕು. ಸುಳ್ಳು ಹೇಳುವ ಹಾಗಿಲ್ಲ, ಒಂದು ಸಲ ಹೇಳಿದ್ದನ್ನು ಮತ್ತೆ ಹೇಳುವ ಹಾಗೂ ಇಲ್ಲ.

ಮೇಸ್ತ್ರಿ ನಕ್ಕುಬಿಟ್ಟ. ಇಷ್ಟು ವರ್ಷ ಪ್ರೀತಿಯಿಂದ ಕರೆದದ್ದು ಇವತ್ತು ಬೈಗುಳ ಆಯಿತೇ ಎಂದು ಕೇಳಿದ. ಕರೆದರೆ ಓ ಅನ್ನುತ್ತಾನಲ್ಲ, ಅವನಿಗೇ ಇಲ್ಲದ ನೋವು ಇವಳಿಗೆ ಯಾಕೆ ಎಂದೂ ಸೇರಿಸಿದ. ಪಾಲಿಶಿನವನು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದವನು ತಲೆ ಎತ್ತದೆಯೇ ಹೇಳಿದ: “ಕರೀತೀರಿ ಅಂತ ಓ ಅಂತೀನಿ ಮೇಸ್ತ್ರಿ. ಇಷ್ಟ ಅಂತ ಅಲ್ಲ.”

ಮೇಸ್ತ್ರಿಯ ನಗು ಅಲ್ಲೇ ನಿಂತಿತು. ಆಮೇಲೆ ಚಪ್ಪಲಿ ಬಿಟ್ಟು ಸ್ಟೂಲು ಹತ್ತಿದ. ಪಾಠ ಒಪ್ಪಿಸಲು ಬಂದು ಎಲ್ಲ ಮರೆತ ಹುಡುಗನ ಹಾಗೆ ಲುಂಗಿ ಸರಿಮಾಡಿಕೊಂಡ, ಕೆಮ್ಮಿದ, ಸೂರು ನೋಡಿದ. ಇವನು ಪಾಲಿಶ್ ಮಾಡಿದ ಮೇಜಿನಲ್ಲಿ ಮುಖ ನೋಡಿಕೊಂಡು ತಾನು ಮೀಸೆ ತಿದ್ದಿಕೊಂಡದ್ದುಂಟು ಎಂದ. ಇವನು ರಜೆ ಹಾಕಿದ ದಿನ ತನಗೆ ಕೆಲಸವೇ ಓಡುವುದಿಲ್ಲ ಎಂದ. ಮೂರನೆಯದಕ್ಕೆ ಅವನ ದನಿ ಸಣ್ಣದಾಯಿತು. ತನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಬಂಧುಗಳು ಬಂದು ನೋಡಿ ಹೋದರಂತೆ, ಇವನು ಮಾತ್ರ ಬಂದವನು ಹೋಗಲೇ ಇಲ್ಲವಂತೆ. ಪಾಲಿಶಿನವನು ಗೋಡೆ ಕಡೆ ತಿರುಗಿ, ಪಾಲಿಶಿನ ಘಾಟು ಕಣ್ಣಿಗೆ ಹೋಯಿತು ಎಂದು ಗೊಣಗಿದ.

ಅಲ್ಲಿಂದ ಕಾರ್ಖಾನೆಯ ಬಣ್ಣವೇ ಬದಲಾಯಿತು ಅನ್ನಿ. ಮೇಸ್ತ್ರಿ ನಾಲಿಗೆ ಕಚ್ಚಿಕೊಂಡು ಎಲ್ಲರನ್ನೂ ಹೆಸರು ಹಿಡಿದು ಕರೆಯುವುದನ್ನು ಕಲಿತ. ಆದರೆ ಜನಕ್ಕೆ ಹೊಗಳಿಕೆಯ ರುಚಿ ಹತ್ತಿತ್ತು. ಕುಶನ್ ಹೊಲಿಯುವಾಕೆ ಬೇಕಂತಲೇ ಅವನ ಅಳತೆ ಟೇಪಿನ ಮೇಲೆ ಕೂತು, ಎಬ್ಬಿಸಿದರೂ ಏಳದೆ, ಕೊನೆಗೂ ಡ್ರಮ್ಮು ಅನ್ನಿಸಿಕೊಂಡು, ಮೂರು ಒಳ್ಳೆ ಮಾತು ಗಿಟ್ಟಿಸಿಕೊಂಡಳು. ಅವತ್ತೆಲ್ಲ ಅವಳ ಹೊಲಿಗೆ ಮಿಷನ್ನು ಹಾಡು ಹೇಳಿದ ಹಾಗೆ ಓಡಿತು.

ಒಣಗಿ ಉಳಿದವಳು ಮಗಳೊಬ್ಬಳೇ. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ ಹಾಗಾಗಿತ್ತು ಅವಳ ಪಾಡು. ಕತ್ತೆ ಎಂದು ಕರೆಯುವುದನ್ನು ಅಪ್ಪ ನಿಲ್ಲಿಸಿದ್ದ, ಸರಿ. ಆದರೆ ಹೊಗಳುವುದಂತೂ ಅವನಿಗೆ ಮೊದಲಿನಿಂದಲೇ ಬಾರದು. ಉಳಿ ಹಿಡಿದ ದಿನದಿಂದ ಅವಳಿಗೆ ಇದ್ದದ್ದು ಒಂದೇ ಆಸೆ. ತಾನು ಮಾಡಿದ್ದನ್ನು ನೋಡಿ ಅಪ್ಪ ಒಂದು ಸಲ, ಒಂದೇ ಸಲ, ಚೆನ್ನಾಗಿದೆ ಅನ್ನಬೇಕು. ಅದಕ್ಕಾಗಿಯೇ ಯಾರ ಕೈಯನ್ನೂ ಸೋಕಿಸದೆ ಒಬ್ಬಳೇ ಒಂದು ತೂಗುಕುರ್ಚಿ ಮಾಡಿದಳು. ಅದು ಮುಗಿದ ದಿನ ಅಪ್ಪ ಬಂದು ಕೂತ, ತೂಗಿದ, ಸಂದುಗಳ ಮೇಲೆ ಹೆಬ್ಬೆರಳು ಆಡಿಸಿದ, ಎದ್ದ. “ಹೂಂ” ಎಂದು ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಕಡೆ ನಡೆದ. ಮಗಳಿಗೆ ಅಳು ಬಂತು. ಕುಶನ್ ಹೊಲಿಯುವಾಕೆ ಹತ್ತಿರ ಬಂದು, ಹೋಗಿ ಅಪ್ಪನ ಕನ್ನಡಕನಾದ್ರೂ ಬಚ್ಚಿಡಮ್ಮ, ಬೈಸಿಕೊಳ್ಳದೆ ಇಲ್ಲಿ ಯಾರಿಗೂ ಏನೂ ದಕ್ಕಿಲ್ಲ ಎಂದು ಕಿವಿಯಲ್ಲಿ ಉಸುರಿದಳು.

ಮೇಸ್ತ್ರಿ ಬಾಗಿಲವರೆಗೆ ಹೋದವನು ನಿಂತ. ಹಿಂದೆ ತಿರುಗಿ ಕುರ್ಚಿಯನ್ನು ನೋಡಿದ, ಮಗಳನ್ನು ನೋಡಿದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ ಕರೆದ.

“ಏ ಕತ್ತೆ.”

ಮನೆಗೆ ಹೊರಟಿದ್ದವರೆಲ್ಲ ನಿಂತರು. ಮಗಳು ಕಣ್ಣೊರೆಸಿಕೊಳ್ಳುವುದನ್ನೂ ಮರೆತಳು. ಮೇಸ್ತ್ರಿ ತಾನಾಗಿಯೇ ಚಪ್ಪಲಿ ಬಿಟ್ಟು ಬಂದು ಸ್ಟೂಲಿನ ಮೇಲೆ ಒಂದು ಕಾಲಿಟ್ಟ. ಏನೋ ಲೆಕ್ಕ ಹಾಕಿದವನ ಹಾಗೆ ತುಟಿ ಆಡಿಸಿ, ಇಟ್ಟ ಕಾಲನ್ನು ಮತ್ತೆ ಕೆಳಗಿಳಿಸಿದ.

“ಯಾಕೆ ಮೇಸ್ತ್ರಿ, ಹೇಳೋಕೆ ಮೂರು ಮಾತೂ ಸಿಗಲಿಲ್ವಾ?” ಎಂದ ಪಾಲಿಶಿನವನು.

“ಮೂರು ಮಾತಿಗಾದ್ರೆ ಈ ಸ್ಟೂಲು ಸಾಕಿತ್ತು ಕಣಪ್ಪ” ಎಂದ ಮೇಸ್ತ್ರಿ, ತೂಗುಕುರ್ಚಿಯ ಮೇಲಿಂದ ಕಣ್ಣು ತೆಗೆಯದೆ. “ಇವಳ ವಿಷಯಕ್ಕೆ ಏಣಿನೇ ಬೇಕು.”