ಮಳೆನೀರಿನ ಹಂಡೆ

"ನನ್ನ ಕಲಾಯಿಯಲ್ಲಿ ವಿಷ ಇದೆ ಅಂತ ಯಾವನ್ರೀ ಹೇಳಿದ್ದು?" ಗುಂಡ್ಲುಪೇಟೆಯ ಅಬ್ದುಲ್ ಜಬ್ಬಾರ್ ಇಕ್ಕಳವನ್ನು ನೆಲಕ್ಕೆ ಕುಕ್ಕಿದ. ಒಲೆ ಕಾದಿತ್ತು, ತವರ ಕೈಯಲ್ಲಿತ್ತು, ಮಾದಮ್ಮನ ಹಿತ್ತಾಳೆ ಹಂಡೆ ಎದುರಿಗಿತ್ತು. ಇಂಥ ಹೊತ್ತಿಗೇ ಬಂದು ಲ್ಯಾಬ್ ರಿಪೋರ್ಟ್ ಓದಬೇಕೆ ಈ ಸುನೀಲ್ ಕುಮಾರ್? ಚಾಮರಾಜನಗರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನಿಗೆ ಹೊತ್ತುಗೊತ್ತು ಮಾತ್ರ ಯಾರೂ ಕಲಿಸಿರಲಿಲ್ಲ.

"ಕಲಾಯಿಯಲ್ಲಲ್ಲ ಸಾಬ್ರೆ, ಮಳೆನೀರಲ್ಲಿ. ದೊಡ್ಡವ್ವನ ತಾರಸಿ ಮೇಲೆ ಬೀಳ್ತಿದ್ದ ನೀರನ್ನೇ ಬಾಟ್ಲಿಗೆ ಹಿಡಿದು ಕಳಿಸಿದ್ದೆ."

ಮಾದಮ್ಮ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ತೆರಕಣಾಂಬಿಯ ಬೋರ್‌ವೆಲ್ ನೀರು ಕುಡಿದು ಮೊಮ್ಮಗಳು ಸ್ಪಂದನಾಳ ಹಲ್ಲು ಕಂದುಗಟ್ಟಿತ್ತು. ನಗು ಬಂದಾಗೆಲ್ಲ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಬೋರ್ ಬಿಟ್ಟು ಮಳೆನೀರು ಕುಡಿಸು ಎಂದವನೂ ಇದೇ ಸುನೀಲ, ಅವಳ ತಂಗಿಯ ಮಗ. ಅದಕ್ಕೆಂದೇ ಹಳೇ ಹಂಡೆ ಹೊತ್ತು ತಂದು ಒಳಮೈಗೆ ತವರದ ಕಲಾಯಿ ಹಾಕಿಸಲು ಕೂತಿದ್ದಳು.

"ನೆಲದ ನೀರು ಬ್ಯಾಡ ಅಂದೆ, ಬುಟ್ಬುಟ್ಟೆ. ಈಗ ಆಕಾಸದ್ದೂ ಬ್ಯಾಡ್ವ? ಅಲ್ಲಿಗೆ ಯಾವನ್ಲಾ ಓಗಿ ವಿಷ ಉಯ್ದೋನು?"

"ಸಮುದ್ರದಿಂದ ಬಂದದೆ ದೊಡ್ಡವ್ವ."

"ನಮ್ಮೂರಿಗೂ ಸಮುದ್ರಕ್ಕೂ ಏನ್ಲಾ ನಂಟು? ನಾನು ಕಣ್ಣಲ್ಲೂ ಕಂಡಿಲ್ಲ ಅದ."

ಸುನೀಲ್ ಪಾಠಕ್ಕೆ ನಿಂತೇಬಿಟ್ಟ. ಎಷ್ಟು ವರ್ಷವಾದರೂ ಕೊಳೆಯದ ಕೆಮಿಕಲ್ಲು ಊರೂರಿನ ನೀರಿನ ಜೊತೆ ಹರಿದು ಸಮುದ್ರ ಸೇರುತ್ತದಂತೆ. ಅಲೆ ಒಡೆದಾಗ ನೊರೆಯ ಗುಳ್ಳೆಗಳು ಸಿಡಿಯುತ್ತವೆ, ಸಾರು ಕುದಿಯುವಾಗ ಗೋಡೆಗೆ ಸಿಡಿಯುವ ಹಾಗೆ. ಕಣ್ಣಿಗೆ ಕಾಣದ ಆ ಹನಿಗಳಿಗೆ ಹತ್ತಿಕೊಂಡು ಕೆಮಿಕಲ್ಲು ಗಾಳಿಗೇರುತ್ತದೆ, ಗಾಳಿ ಒಯ್ದ ಕಡೆ ಹೋಗಿ ಮಳೆಯ ಜೊತೆ ಇಳಿಯುತ್ತದೆ.

"ಇರೋದು ಒಂಚೂರೇ," ಎಂದು ಬಾಲವನ್ನೂ ಸೇರಿಸಿದ.

"ಒಂಚೂರು ಅಂದ್ರೆ ಮಗೀಗೆ ಕುಡಿಸ್ಲಾ, ಬ್ಯಾಡ್ವಾ? ಎರಡರಲ್ಲಿ ಒಂದು ಹೇಳು."

ಸುನೀಲ್ ರಿಪೋರ್ಟನ್ನು ತಿರುಗಿಸಿ ಹಿಂದುಗಡೆಯೂ ನೋಡಿದ. "ಅದನ್ನ ಇದರಲ್ಲಿ ಬರೆದಿಲ್ಲ."

"ಬೆಂಕಿ ಆರ್ತಾ ಇದೆ," ಜಬ್ಬಾರ್ ತಿದಿ ಒತ್ತಿದ. "ಕಲಾಯಿ ಹಾಕ್ಲೋ ಬೇಡ್ವೋ?"

"ತಡೀರಿ ಸಾಬ್ರೆ," ಮಾದಮ್ಮ ಸುನೀಲನ ಕಡೆ ತಿರುಗಿದಳು. "ಅದ್ಯಾವ ಕೆಮಿಕಲ್ಲು ಅಂತನಾದ್ರೂ ಹೇಳ್ಲಾ."

"ದೋಸೆ ಅಂಟದೇ ಇರ್ಲಿ ಅಂತ ತವಾಕ್ಕೆ ಕರಿ ಲೇಪ ಕೊಡ್ತಾರಲ್ಲ, ಆ ಜಾತೀದು. ನೀರು ಹತ್ತದ ರೇನ್‌ಕೋಟಲ್ಲೂ ಇರ್ತದೆ."

"ಆ ತವಾ ಬಂದೇ ನನ್ನ ಅರ್ಧ ಗಿರಾಕಿ ಹೋದ್ರು," ಜಬ್ಬಾರ್ ಗೊಣಗಿದ.

ಮಾದಮ್ಮನಿಗೆ ತನ್ನ ಮನೆಯ ತವಾ ನೆನಪಾಯಿತು. ಹೋದ ಯುಗಾದಿಗೆ ಅಂಥದೇ ತವಾವನ್ನು ಸುನೀಲನೇ ತಂದುಕೊಟ್ಟಿದ್ದ. ಆ ಕರಿ ಲೇಪವನ್ನು ಮಸಿ ಎಂದುಕೊಂಡು, ಬೂದಿ, ತೆಂಗಿನ ನಾರು ಹಿಡಿದು ಬಚ್ಚಲಲ್ಲಿ ಒಂದು ವಾರ ಉಜ್ಜಿ ಬೆಳ್ಳಗೆ ಮಾಡಿದ್ದಳು. ಅದು ಬೆಳ್ಳಗಾದದ್ದನ್ನು ಬೀದಿಗೆಲ್ಲ ತೋರಿಸಿಯೂ ಬಂದಿದ್ದಳು.

"ನಮ್ಮ ಬಚ್ಚಲ ನೀರು ಎಲ್ಲಿಗ್ಲಾ ಓಗದು?"

"ಮೋರಿಗೆ, ಹಳ್ಳಕ್ಕೆ, ಹೊಳೆಗೆ. ಕೊನೆಗೆ ಸಮುದ್ರಕ್ಕೇ ದೊಡ್ಡವ್ವ."

"ಅಮ್ಮಾ, ಹಾಕ್ಲಾ?" ಜಬ್ಬಾರ್ ಮತ್ತೆ ಕೇಳಿದ.

ಮಾದಮ್ಮ ಹಂಡೆಯೊಳಕ್ಕೆ ಬಗ್ಗಿ ನೋಡಿದಳು. "ನಾನು ಉಜ್ಜಿ ಚೆಲ್ಲಿದ್ದನ್ನ ನಾನೇ ಹಿಡ್ಕಂಡು ಮಗೀಗೆ ಕುಡಿಸ್ತಾ ಇವ್ನಿ ಕಣ್ಲಾ."