ಬಾಗಿಲಿನ ದಾಖಲೆ

ದ್ಯಾವಮ್ಮ ಒಳಗೆ ನೆಲ ಒರೆಸುತ್ತಿದ್ದಾಗಲೇ, ಬೆಂಕಿ ಹೊತ್ತಿಕೊಂಡ ಸರ್ವರ್ ಕೋಣೆಯ ಬಾಗಿಲು ಹಾಕಿ, ಬೆಂಕಿ ಆರಿಸುವ ಗ್ಯಾಸ್ ಬಿಟ್ಟರು. ಯಂತ್ರಗಳು ಉಳಿದವು, ಅವಳು ಉಸಿರು ಕಟ್ಟಿ ಸತ್ತಳು. ಮೆಟ್ಟಿಲ ಮೇಲೆ ಎದೆನೋವು ಬಂದು ಬಿದ್ದಳೆಂದು ಕಂಪನಿ ಪೊಲೀಸರಿಗೆ ಬರೆದುಕೊಟ್ಟಿತು.

ಮೂರನೆಯ ದಿನ ಮ್ಯಾನೇಜರ್ ನಾಗವೇಣಿಯ ಕುರ್ಚಿಯ ಹಿಂದೆ ಬಂದು ನಿಂತ. ಹೊಗೆ ಕುಡಿದ ಹಳೆಯ ಯಂತ್ರದಿಂದ ಅವಳು ಕಂಟೈನರ್‌ಗಳನ್ನು, ಅಂದರೆ ಒಂದೊಂದು ಕೆಲಸದ ತಂತ್ರಾಂಶದ ಕಟ್ಟುಗಳನ್ನು, ಒಂದೊಂದಾಗಿ ಹೊಸ ಯಂತ್ರಕ್ಕೆ ಸಾಗಿಸುತ್ತಿದ್ದಳು. ಸಂಬಳದ್ದು ಸಾಗಿಸಿ ಆಗಿತ್ತು, ಇಮೇಲಿನದೂ ಆಗಿತ್ತು. ಯಾರು ಯಾವ ಬಾಗಿಲಿಗೆ ಕಾರ್ಡು ತೋರಿಸಿದರೆಂಬ ದಾಖಲೆಯದೊಂದು ಬಾಕಿಯಿತ್ತು.

“ಅದು ಬೇಡ. ಬೆಂಕಿಲಿ ಹಾಳಾಯ್ತು ಅಂತ ಬರೆದು ಅಳಿಸ್ಬಿಡು.”

“ದ್ಯಾವಮ್ಮ ಒಳಗೆ ಹೋಗಿದ್ದು ಇದ್ರಲ್ಲೇ ಇರೋದು ಸಾರ್. ಹೊರಗೆ ಬಂದಿದ್ದು ಇಲ್ಲ.”

“ಅವಳು ಹೋಗಿ ಆಯ್ತಲ್ಲಮ್ಮ. ಇನ್ನೂ ಇರೋರ ಯೋಚನೆ ಮಾಡು.”

“ಇರೋರು ಅಂದ್ರೆ ನೀವು ತಾನೇ?”

ಅವನು ಸಿಟ್ಟಾಗಲಿಲ್ಲ. ಬಗ್ಗಿ, ಮನೆಯವರಂತೆ ಮೆಲ್ಲಗೆ ಹೇಳಿದ: “ಬಾಗಿಲು ಹಾಕು ಅಂತ ನಾನು ಕೂಗಿದ್ದು ಅದ್ರಲ್ಲಿಲ್ಲ ಕಣಮ್ಮ. ಹಾಕಿದ ಕಾರ್ಡು ನಿಂದು. ಅದು ಮಾತ್ರ ಇದೆ.”

ನಾಗವೇಣಿ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

“ಗೊತ್ತು ಸಾರ್. ಮೂರು ದಿನದಿಂದ ಗೊತ್ತು. ಅಳಿಸಲ್ಲ.”