ಗೋಣಿ ಮುಚ್ಚಿದ ಬುಟ್ಟಿ

ಬೆಳಗ್ಗೆ ಏಳು ಗಂಟೆ. ಸಾಹುಕಾರ ಬಂಗುಡೆ ಮೀನಿಗೆ ಅರ್ಧ ಬೆಲೆ ಕೂಗಿದ. ದಡದಲ್ಲಿ ಕುಳಿತ ಹೆಂಗಸರಲ್ಲಿ ಒಬ್ಬಳೂ ಬುಟ್ಟಿಗೆ ಹೊದಿಸಿದ ಗೋಣಿ ತೆಗೆಯಲಿಲ್ಲ. ಅವನಿಗೆ ಚಿಂತೆಯಾಗಲಿಲ್ಲ. ಊರಿಗಿರುವ ಒಂದೇ ಐಸ್ ಪ್ಲಾಂಟು ಅವನದು. ಕಳೆದ ವಾರ ಅವರು ನೇರ ಪೇಟೆಗೆ ಹೊರಟಾಗಲೂ ಲಾರಿಯಲ್ಲಿ ಮೊದಲೇ ತಲುಪಿ ಬೆಲೆ ಕೆಡಿಸಿದ್ದ. ಬಿಸಿಲೇರಲಿ ಎಂದು ಕಾದು ಕುಳಿತ.

“ಮುತ್ತಕ್ಕ, ಇನ್ನೊಂದ್ ಗಂಟಿ ಹೋದ್ರೆ ಕಾಗಿಯೂ ಮೂಸುದಿಲ್ಲ.”

“ಕಾಗಿ ಚಿಂತಿ ನಿಮ್ಗೆಂತಕ್ಕೆ? ಕೂಕಣಿ ಸಾವ್ಕಾರ್ರೇ, ಎಲೆ-ಅಡ್ಕಿ ಹಾಕಣಿ,” ಎಂದಳು ಮುತ್ತು, ಬುಟ್ಟಿಯ ಮೇಲೆ ಕೈಯೂರಿ.

ಹನ್ನೊಂದಕ್ಕೆ ಅವನು ಕಾಲು ಬೆಲೆಗೆ ಇಳಿದ. “ಕಡೀ ಮಾತ್. ಕೊಡ್ತ್ಯಾ, ಹೊಳಿಗ್ ಸುರಿತ್ಯಾ?”

“ಸುರಿತೆ,” ಎಂದು ಮುತ್ತು ಎದ್ದಳು.

ಬುಟ್ಟಿಯಿಂದ ಒದ್ದೆ ಮರಳು ಸುರಿಯಿತು. ನಸುಕಿನ ದೋಣಿಯಲ್ಲಿ ಹೋದ ಬಂಗುಡೆ ಅಷ್ಟರಲ್ಲಿ ಪೇಟೆಯಲ್ಲಿ ಪೂರ್ತಿ ಬೆಲೆಗೆ ಮಾರಿಹೋಗಿತ್ತು.